ಎರಡು ಕೋಣೆಯ ಲೆಕ್ಕ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಮಠ. ಪಲ್ಲಕ್ಕಿಯಿಲ್ಲ, ಆನೆಯಿಲ್ಲ, ಆಡಂಬರವಂತೂ ಇಲ್ಲವೇ ಇಲ್ಲ. ವರ್ಷಕ್ಕೊಂದು ಪಂಚಾಂಗ ಅಲ್ಲಿಂದ ಹೊರಬರುತ್ತಿತ್ತು. ಸುತ್ತಲಿನ ಹಳ್ಳಿಯವರು ಅದನ್ನು ನೋಡದೆ ಬಿತ್ತಲೂ ಹೋಗುತ್ತಿರಲಿಲ್ಲ.

ಪಂಚಾಂಗ ಹಾಕುವವರು ಇಬ್ಬರೇ. ಒಬ್ಬರು ಮುರಿಗಯ್ಯ ಅಜ್ಜಾರು, ಮಠದ ಗುರುಗಳು, ಎಂಬತ್ತು ದಾಟಿದವರು. ಇನ್ನೊಬ್ಬಳು ಅವರ ಶಿಷ್ಯೆ ನೀಲಾಂಬಿಕೆ, ನಲವತ್ತಾರರ ಹೆಣ್ಣುಮಗಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು.

ಅವರದೊಂದು ಕಟ್ಟುಪಾಡು. ಒಂದೇ ಗ್ರಹಣವನ್ನು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಲೆಕ್ಕ ಹಾಕಬೇಕು. ಒಬ್ಬರ ಹಾಳೆ ಇನ್ನೊಬ್ಬರು ನೋಡುವ ಹಾಗಿಲ್ಲ. ಕಡೆಗೆ ಎರಡೂ ಹಾಳೆ ಪಕ್ಕದಲ್ಲಿಟ್ಟು ನೋಡಿ, ಕೂಡಿದರೆ ಮಾತ್ರ ಅಚ್ಚಿಗೆ.

ಒಂದು ದಿನ ಸ್ನಾನ ಮಾಡುವಾಗ ನೀಲಾಂಬಿಕೆಯ ಕೈಗೆ ಎಡಮೊಲೆಯಲ್ಲಿ ಗಂಟು ಸಿಕ್ಕಿತು. ಮೊಲೆ ಅನ್ನುವ ಮಾತಿಗೆ ನಾಚುವವರು ನಾಚಿಕೊಳ್ಳಲಿ, ರೋಗವೇನೂ ನಾಚಲಿಲ್ಲ. ಸೂಜಿ ಹಾಕಿ ತೆಗೆದು ನೋಡಿದರು. ಕ್ಯಾನ್ಸರ್.

"ಪೂರ್ತಿ ತೆಗೀಬೇಕು," ಅಂದರು ಡಾಕ್ಟರ್ ಹಳೇಮನಿ. "ಭಾಳ ದಿನ ಬಿಡೂದು ಬ್ಯಾಡ."

ವಾರದ ಮೇಲೆ ಅವಳು ಮಠಕ್ಕೆ ಬಂದು ಅಜ್ಜಾರ ಮುಂದೆ ಕೂತಳು.

"ಇನ್ನೊಬ್ಬ ಡಾಕ್ಟರನ್ನೂ ಕೇಳಿ ಬಂದೆ ಅಜ್ಜಾರ. ಅವರೂ ಅದನ್ನೇ ಅಂದ್ರು."

"ಹೆಂಗ ಕೇಳಿದಿ?"

"ಹಳೇಮನಿ ಸರ್ ಪೂರ್ತಿ ತೆಗೀಬೇಕಂತಾರ, ನೀವೇನಂತೀರಿ ಅಂತ ಕೇಳಿದೆ."

"ಅದಕ್ಕ?"

"ಸರ್ ನಮಗ ಕಲಿಸಿದ ಗುರುಗಳು, ಅವರು ಹೇಳಿದ ಮ್ಯಾಲ ಮುಗೀತು ಅಂದ್ರು."

"ಎಷ್ಟೊತ್ತು ನೋಡಿದ್ರು?"

"ಚಾ ಆರುವಷ್ಟೊತ್ತೂ ಇಲ್ರಿ."

 ಅಜ್ಜಾರು ಗೂಡಿನಿಂದ ತಮ್ಮದೇ ಒಂದು ಹಾಳೆ ತೆಗೆದು ಅವಳ ಕೈಗೆ ಕೊಟ್ಟರು.

"ಬರೂ ಅಮಾಸಿ ಸೂರ್ಯಗ್ರಹಣ. ಹಿಡಿಯೂದು ಮುಂಜಾನೆ ಎಂಟು ಹದಿನಾಲ್ಕಕ್ಕ ಅಂತ ನನಗ ಬಂದೈತಿ. ಸರಿ ಐತೇನು ನೋಡು."

ನೀಲಾಂಬಿಕೆಗೆ ಆಶ್ಚರ್ಯ. ಇಷ್ಟು ವರ್ಷದಲ್ಲಿ ಅಜ್ಜಾರು ತಮ್ಮ ಹಾಳೆ ಮೊದಲೇ ತೋರಿಸಿದವರಲ್ಲ. ಆದರೂ ಪೆನ್ಸಿಲ್ ಹಿಡಿದು ಕೂತಳು. ಅರ್ಧ ತಾಸಾದ ಮೇಲೆ ತಲೆ ಎತ್ತಿದಳು.

"ಸರಿ ಐತ್ರಿ. ಎಂಟು ಹದಿನಾಲ್ಕೇ."

"ತಪ್ಪು," ಅಂದರು ಅಜ್ಜಾರು. "ಆರನೇ ಸಾಲು ನೋಡು. ಬೇಕಂತಲೇ ಒಂದು ಅಂಕಿ ಕೆಡಿಸಿ ಇಟ್ಟೀನಿ."

ನೋಡಿದಳು. ಅವಳ ಎಂಟನೇ ಇಯತ್ತೆಯ ಮಕ್ಕಳೂ ಹಿಡಿಯುವಂಥ ತಪ್ಪು.

"ಅಯ್ಯ ಶಿವನ! ಇದು ನನ್ನ ಕಣ್ಣಿಗೆ ಹೆಂಗ ಬೀಳಲಿಲ್ಲ?"

"ಲೆಕ್ಕ ಎಲ್ಲಿ ಮಾಡಿದಿ ನೀನು? ನನ್ನ ಉತ್ತರ ಎಲ್ಲೈತಿ ಅಂತ ನೋಡಿ, ಅಲ್ಲಿತನಕ ನಡಕೊಂಡು ಹ್ವಾದಿ."

ಅವಳು ಹಾಳೆ ಮಡಚಿ ಗೂಡಿನಲ್ಲಿಟ್ಟಳು. ಜಾಣೆ, ಬಿಡಿಸಿ ಹೇಳುವುದೇನೂ ಬೇಕಾಗಿರಲಿಲ್ಲ. ಆದರೂ ಅವಳ ಮುಖ ಸಣ್ಣದಾಯಿತು.

"ಹಂಗಾರ ಮತ್ತೊಬ್ಬರ ಹತ್ರ ಹೋಗಿ, ಹಳೇಮನಿ ಸರ್ ಹೇಳಿದ್ದನ್ನ ಹೇಳದ ಇರಲೇನ್ರಿ? ನಮ್ಮವ್ವನ್ನ ಸಾಯೂದರಿಂದ ಉಳಿಸಿದವರು ಅವರು. ಅವರಿಗೆ ದ್ರೋಹ ಮಾಡಿದಂಗಲ್ಲೇನು?"

"ಐವತ್ತು ವರ್ಷ ಆತು ನಾ ಪಂಚಾಂಗ ಹಾಕಾಕತ್ತು. ನೀ ಆ ಕೋಣಿಯೊಳಗ ಕುಂತು ನನ್ನ ಲೆಕ್ಕಾನೇ ಮತ್ತ ಹಾಕ್ತಿ. ನಾ ಎಂದರ ಸಿಟ್ಟಾಗೀನೇನು?"

"ಇಲ್ರಿ."

"ಹಾಕದ ಕುಂತ ದಿನ ಬೈದೀನಿ, ಹೌದಿಲ್ಲೋ?"

ನೀಲಾಂಬಿಕೆ ನಕ್ಕಳು. ಗಂಟು ಸಿಕ್ಕ ಮೇಲೆ ಅದೇ ಮೊದಲ ನಗು.

ಮರುದಿನ ಬೆಳಗಾವಿಯ ಬಸ್ಸು ಹತ್ತಿದಳು. ಅಲ್ಲಿ ಡಾಕ್ಟರ್ ಶಾನಭಾಗ ಎಂಬ ಹೆಣ್ಣುಮಗಳು. ನೀಲಾಂಬಿಕೆ ರಿಪೋರ್ಟುಗಳನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತಳು, ಮೊದಲಿನವರು ಏನಂದರು ಅಂತ ಬಾಯಿಬಿಡಲಿಲ್ಲ. ಆ ಡಾಕ್ಟರು ಒಂದು ತಾಸು ಓದಿದರು, ಮುಟ್ಟಿ ನೋಡಿದರು, ಮತ್ತೆ ಓದಿದರು. ಗಂಟಷ್ಟೇ ತೆಗೆದು ಆಮೇಲೆ ವಿಕಿರಣ ಕೊಟ್ಟರೆ ಸಾಕು, ಮೊಲೆ ಉಳಿಯುತ್ತದೆ ಅಂದರು.

ಬಸ್ಸಿಳಿದವಳು ಮಠದವರೆಗೆ ಓಡಿಯೇ ಬಂದಳು.

"ಗೆದ್ದೆ ಅಜ್ಜಾರ! ಗಂಟಷ್ಟೇ ತೆಗಿತಾರಂತ! ಇವರದೇ ಸರಿ!"

"ಇವರದೇ ಸರಿ ಅಂತ ಹೆಂಗ ಗೊತ್ತಾತು?"

ನೀಲಾಂಬಿಕೆ ಶಾನಭಾಗ ಬರೆದುಕೊಟ್ಟ ಚೀಟಿ ಮುಂದೆ ಹಿಡಿದಳು.

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ," ಅಂದರು ಅಜ್ಜಾರು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಏರಬೇಕಾದದ್ದೇ.

"ನಿಮಗೇನ್ರಿ, ಕೊಯ್ಯೂದು ನಿಮ್ಮ ಮೈ ಅಲ್ಲ! ಹದಿನೈದು ದಿನ ಆತು ಕನ್ನಡಿ ಮುಂದ ನಿಂತು ಅಳಾಕತ್ತೀನಿ. ನನಗ ಬದುಕಬೇಕು. ಇದ್ದ ಮೈಯಿಂದ ಇದ್ದಂಗ ಬದುಕಬೇಕು. ಹಂಗ ಬಯಸೂದು ತಪ್ಪೇನ್ರಿ?"

"ತಪ್ಪಲ್ಲವ್ವಾ," ಅಂದರು ಅಜ್ಜಾರು. ಅವರ ಕಣ್ಣೂ ತುಂಬಿತ್ತು. "ಒಂಚೂರೂ ತಪ್ಪಲ್ಲ."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸಪ್ಪಳ ಬರುತ್ತಿತ್ತು. ಅವಳ ಉಸಿರು ತಿಳಿಯಾಗುವವರೆಗೆ ಅಜ್ಜಾರು ಕಾದರು.

"ನನ್ನ ಹಾಳಿ, ನಿನ್ನ ಹಾಳಿ ಕೂಡಲಿಲ್ಲ ಅಂದ್ರ ಯಾವುದನ್ನ ಅಚ್ಚಿಗೆ ಕೊಡ್ತೀವಿ?"

"ಯಾವುದನ್ನೂ ಕೊಡೂದಿಲ್ರಿ. ಎಲ್ಲಿ ಬ್ಯಾರೆ ಆದ್ವು ಅಂತ ಸಾಲು ಸಾಲು ಹಿಂದಕ್ಕ ಹೋಗ್ತೀವಿ."

"ಮತ್ತ?"

ಅವಳು ಎದ್ದು ಚಪ್ಪಲಿ ಮೆಟ್ಟಿದಳು.

ಹಳೇಮನಿಯವರ ಬಾಗಿಲಲ್ಲಿ ನಿಂತಾಗ ಅವಳ ಕಾಲು ನಡುಗುತ್ತಿತ್ತು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು ಪಾಪ.

"ಸರ್, ನಿಮಗ ಹೇಳದ ಇನ್ನೊಬ್ಬರನ್ನ ಕೇಳಿದೆ. ಅವರು ಗಂಟಷ್ಟೇ ಸಾಕಂತಾರ. ನಿಮ್ಮ ಮಾತು, ಅವರ ಮಾತು ಎಲ್ಲಿ ಬ್ಯಾರೆ ಆದ್ವು, ಅದನ್ನ ತೋರಿಸ್ರಿ."

ಹಳೇಮನಿ ಕನ್ನಡಕದ ಮೇಲಿಂದ ನೋಡಿದರು.

"ಇಪ್ಪತ್ತೆಂಟು ವರ್ಷದಾಗ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ ನೋಡ್ರಿ ಟೀಚರ್. ಯಾರದು ಸರಿ ಅಂತ ಕೇಳ್ತಾರ. ಇಲ್ಲಾಂದ್ರ ಹೇಳದ ಕೇಳದ ಓಡಿ ಹೋಗ್ತಾರ. ಬರ್ರಿ, ಕೂಡ್ರಿ."

ಕಂಪ್ಯೂಟರಿನಲ್ಲಿ ಚಿತ್ರ ತೆರೆದು ತೋರಿಸಿದರು. ಒಂದು ಕಡೆ ಗಂಟು. ಅದರಿಂದ ನಾಲ್ಕು ಬೆರಳು ದೂರ, ಜೋಳದ ಕಾಳಿನಷ್ಟು ಇನ್ನೊಂದು ಚುಕ್ಕೆ.

"ಎಂ.ಆರ್.ಐ.ದಾಗ ಬಂದದ್ದಿದು. ಇದನ್ನ ಅವರು ನೋಡ್ಯಾರೇನು?"

ನೀಲಾಂಬಿಕೆ ಹಣೆ ಹಣೆ ಬಡಿದುಕೊಂಡಳು. ಆಸ್ಪತ್ರೆಯವರು ಕೊಟ್ಟಿದ್ದ ಎಂ.ಆರ್.ಐ. ಲಕೋಟೆಯನ್ನು ಅವಳು ಬಿಚ್ಚಿಯೇ ಇರಲಿಲ್ಲ. ಒಳಗೆ ಇನ್ನೇನಿದೆಯೋ ಅಂತ ಹೆದರಿ ಟ್ರಂಕಿನ ತಳಕ್ಕೆ ತುರುಕಿದ್ದಳು. ಬೆಳಗಾವಿಗೂ ಒಯ್ದಿರಲಿಲ್ಲ.

"ತಪ್ಪು ನಂದೇ ಸರ್."

"ನಂದೂ ಐತಿ," ಅಂದರು ಹಳೇಮನಿ. "ಈ ಕಾಳು ಏನು ಅಂತ ಸೂಜಿ ಹಾಕಿ ನೋಡಬೇಕಿತ್ತು. ಚಿತ್ರ ನೋಡೇ ಇದೂ ಅದೇ ಇರಬೇಕು ಅಂದುಕೊಂಡೆ. ನೋಡೂಣು."

ಸೂಜಿ ಹಾಕಿದರು. ಒಂಬತ್ತು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಹತ್ತನೇ ದಿನ ರಿಪೋರ್ಟು ಬಂತು. ಆ ಕಾಳೂ ಕ್ಯಾನ್ಸರೇ.

ಅದನ್ನೂ ಲಕೋಟೆಯನ್ನೂ ಹಿಡಿದು ಮತ್ತೆ ಬೆಳಗಾವಿಗೆ ಹೋದಳು. ಶಾನಭಾಗ ಎರಡನ್ನೂ ನೋಡಿ, ಅವಳ ಕೈ ಹಿಡಿದುಕೊಂಡರು.

"ಇದನ್ನ ಅವತ್ತೇ ನೋಡಿದ್ದರೆ ನಾನೂ ಪೂರ್ತಿ ತೆಗೀಬೇಕು ಅಂತಲೇ ಹೇಳ್ತಿದ್ದೆ. ನಿಮ್ಮ ವಿಷಯದಲ್ಲಿ ಅದೇ ಒಳ್ಳೇದು. ಆದರೆ ಹೂಂ ಅನ್ನಬೇಕಾದವರು ನೀವು."

ಆ ಸಂಜೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ನೀಲಾಂಬಿಕೆ ಬಂದು ಎರಡು ಮೆಟ್ಟಿಲು ಕೆಳಗೆ ಕೂತು, ನಡೆದದ್ದನ್ನೆಲ್ಲ ಹೇಳಿದಳು. ಹೇಳಿ ಮುಗಿದ ಮೇಲೆ ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಾರು ಸಮಾಧಾನ ಮಾಡಲು ಹೋಗಲಿಲ್ಲ, ಎದ್ದು ಹೋಗಲೂ ಇಲ್ಲ.

ಅತ್ತು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾ ಏನು ಹೇಳಲಿ ಅಂತ ಬಂದೀಯವ್ವಾ?" ಕೇಳಿದರು ಅಜ್ಜಾರು.

"ಏನೂ ಹೇಳಬ್ಯಾಡ್ರಿ. ಇವತ್ತು ಕೇಳಾಕ ಬಂದಿಲ್ಲ, ಹೇಳಾಕ ಬಂದೀನಿ. ಬರೂ ಗುರುವಾರ ಆಪರೇಶನ್. ಪೂರ್ತಿ ತೆಗಸ್ತೀನಿ. ಹಳೇಮನಿ ಸರ್ ಕೈಯಿಂದಲೇ."

ಅಜ್ಜಾರು ಎದ್ದು ನಿಂತರು. ಕುಸ್ತಿ ಕಣದಲ್ಲಿ ಪೈಲವಾನನಿಗೆ ತಟ್ಟುವ ಹಾಗೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಆಚೆ ದಂಡೆಯ ಜನ ತಿರುಗಿ ನೋಡಿದರು.

"ಭಲೇ ನನ್ನ ಮಗಳ! ಭಲೇ!"

ಗುರುವಾರ ಬೆಳಿಗ್ಗೆ ಸ್ಟ್ರೆಚರ್ ತಂದರು. ನೀಲಾಂಬಿಕೆ ಹತ್ತಲಿಲ್ಲ.

"ಕಾಲು ಗಟ್ಟಿ ಅದಾವ್ರಿ," ಅಂದಳು. ಥಿಯೇಟರಿಗೆ ನಡೆದೇ ಹೋದಳು. ಮೊನ್ನೆ ಬಾಗಿಲಲ್ಲಿ ನಡುಗಿದವಳು ಇವಳೇನಾ ಅಂತ ಹಳೇಮನಿಯವರಿಗೇ ಅನುಮಾನ ಬಂತಂತೆ.

ಮುಂದಿನದು ಸಲೀಸಾಗಿತ್ತು ಅಂತ ನಾನು ಸುಳ್ಳು ಹೇಳುವುದಿಲ್ಲ. ಕೀಮೋ ಆಯಿತು, ತಲೆಗೂದಲು ಉದುರಿತು, ನೀರು ಕುಡಿದರೂ ವಾಂತಿಯಾಗುವ ದಿನಗಳು ಬಂದವು. ಒಂದು ದಿನವಾದರೂ "ನಾನು ಯಾಕಾದರೂ ಒಪ್ಪಿದೆನೋ" ಅನ್ನುವ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ಕಷ್ಟಕ್ಕೆ ಅತ್ತಳು, ಅನುಮಾನಕ್ಕೆ ಅಳಲಿಲ್ಲ.

ವರ್ಷ ಕಳೆದು ತಪಾಸಣೆಯಾಯಿತು. ಎಲ್ಲೂ ರೋಗದ ಸುಳಿವಿಲ್ಲ ಅಂದರು.

ಅವತ್ತೇ ಮಧ್ಯಾಹ್ನ ಒಂದು ಡಬ್ಬಿ ಫೇಡೆ ಹಿಡಿದು ಮಠಕ್ಕೆ ಬಂದಳು. ತಲೆ ತುಂಬ ಗುಂಗುರು ಗುಂಗುರಾದ ಹೊಸ ಕೂದಲು, ಮುಖ ತುಂಬ ನಗು. ಬಾಗಿಲಲ್ಲಿ ಕಂಡವರಿಗೆಲ್ಲ ಫೇಡೆ ಹಂಚಿ, ಉಳಿದದ್ದನ್ನು ಅಜ್ಜಾರ ಮುಂದಿಟ್ಟು ಕೂತಳು.

"ಒಂದು ಮಾತು ಕೇಳಲೇನ್ರಿ ಅಜ್ಜಾರ? ಹಳೇಮನಿ ಸರ್ ಮೊದಲ ದಿನ ಏನಂದ್ರೋ ಕಡೀಕೂ ಅದೇ ಆತು. ಕೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲಾ ಅಲೆದಂಗಾತಲ್ರಿ ನನ್ನ ಬಾಳೇವು! ಅವತ್ತೇ ಹೂಂ ಅಂದಿದ್ರೂ ಆಪರೇಶನ್ ಇದೇ ಇರತಿತ್ತಲ್ಲ?"

ಅಜ್ಜಾರು ಬಾಯಲ್ಲಿದ್ದ ಫೇಡೆ ಮುಗಿಸಿದರು. ಆಮೇಲೆ ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ಆಪರೇಶನ್ ಇದೇ ಇರತಿತ್ತವ್ವಾ. ಸ್ಟ್ರೆಚರ್ ಬಿಟ್ಟು ನಡಕೊಂಡು ಹೋದಾಕಿ ಈ ನೀನು ಇರತಿದ್ದಿಲ್ಲ."