ಮುಳ್ಳುಹಂದಿಯ ನೀರ ಕಂದಾಯ

ಒಂದು ಕಾಡಿನಲ್ಲಿ ನೀರಿತ್ತು, ಆದರೆ ಬಿಟ್ಟಿ ನೀರಲ್ಲ. ಬೇಸಿಗೆ ಬಂದರೆ ಅಲ್ಲಿ ಉಳಿಯುತ್ತಿದ್ದುದು ಒಂದೇ ಒರತೆ. ಅದರ ಹೂಳನ್ನು ಕಾಡುಹಂದಿಗಳು ದಿನವಿಡೀ ಎತ್ತುತ್ತಿದ್ದವು. ಅವಕ್ಕೆ ಮೇಯಲು ಪುರುಸೊತ್ತಿಲ್ಲ. ಆದ್ದರಿಂದ ನೀರು ಕುಡಿಯುವವರೆಲ್ಲ ತಲೆಗಿಷ್ಟು ಎಂದು ಗೆಡ್ಡೆಯನ್ನೋ ಹಣ್ಣನ್ನೋ ಕೊಡಬೇಕಿತ್ತು. ಅದೇ ನೀರ ಕಂದಾಯ.

ಕಂದಾಯ ಎತ್ತುತ್ತಿದ್ದವನು ಜಾಣಪ್ಪನೆಂಬ ನರಿ. ಅವನ ಲೆಕ್ಕವೋ, ದೇವರಿಗೇ ಪ್ರೀತಿ! ಮನೆಯ ತಲೆಗಳಿಗೆ ಒಂದು ದರ, ಮೈಯ ಗಾತ್ರಕ್ಕೆ ಇನ್ನೊಂದು, ಬಿಸಿಲು ಏರಿದರೆ ಮೇಲಷ್ಟು, ದೂರದಿಂದ ಬರುವವರಿಗೆ ಕಡಿತ. ಯಾರಾದರೂ ಕೇಳಿದರೆ, "ಅದೆಲ್ಲ ನಿಮಗೆ ತಿಳಿಯೋದಲ್ಲ, ಬಿಡಿ" ಎನ್ನುತ್ತಿದ್ದ. ಮತ್ತೆ ಕೇಳಿ ದಡ್ಡರೆನಿಸಿಕೊಳ್ಳುವುದು ಯಾಕೆಂದು ಎಲ್ಲರೂ ತೆಪ್ಪಗಿರುತ್ತಿದ್ದರು.

ಆ ಕಾಡಿನಲ್ಲಿ ಒಂದು ಪದ್ಧತಿಯಿತ್ತು. ಮರಿ ಹುಟ್ಟಿದರೆ ಒರತೆಯ ಬಳಿ ಬಂದು ಕೂಗಿ ಹೇಳುವರು. ಸತ್ತವರ ಸುದ್ದಿಯನ್ನು ಮಾತ್ರ ಯಾರೂ ಎತ್ತುವಂತಿರಲಿಲ್ಲ. ಎತ್ತಿದರೆ ಕೇಡು ಎಂದು ನಂಬಿಕೆ. ಹಾಗಾಗಿ ಜಾಣಪ್ಪನ ಲೆಕ್ಕದಲ್ಲಿ ತಲೆಗಳು ಹೆಚ್ಚುತ್ತಿದ್ದವೇ ಹೊರತು ಕಡಿಮೆಯಾಗುತ್ತಿರಲಿಲ್ಲ.

ಬಂಡೆಯ ಕೆಳಗಿನ ಬಿಲದಲ್ಲಿ ಹೊನ್ನವ್ವನೆಂಬ ಮುಳ್ಳುಹಂದಿ ಇದ್ದಳು. ಚಳಿಗಾಲದಲ್ಲಿ ಜಡ್ಡು ಬಂದು ಅವಳ ಗಂಡನೂ ಎರಡು ಮರಿಗಳೂ ತೀರಿಹೋಗಿದ್ದರು. ಪದ್ಧತಿಯಂತೆ ಅವಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ದುಃಖ ಹೇಳಿಕೊಳ್ಳಲು ಒಂದು ಜೀವವೂ ಇಲ್ಲದೆ ಬಿಲದ ಗೋಡೆಯ ಜೊತೆ ಮಾತಾಡುತ್ತಿದ್ದಳು. ಅಂಥವಳ ಬಾಗಿಲಿಗೆ ಜಾಣಪ್ಪ ಬಂದು ನಿಂತ.

"ನಾಲ್ಕು ತಲೆಯ ಕಂದಾಯ ತೆಗಿ, ಹೊನ್ನವ್ವ."

"ಇರೋದು ನಾನೊಬ್ಬಳೇ ಅಣ್ಣಾ."

"ಉಳಿದವರು ಎಲ್ಲಿ?" ಎಂದು ನರಿ ಹಲ್ಲು ಕಿರಿದ. ಅವಳು ಬಾಯಿ ಬಿಡುವಂತಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಅಮಾವಾಸ್ಯೆಯೊಳಗೆ ಕೊಡದಿದ್ದರೆ ಒರತೆಯ ಹತ್ತಿರ ಸುಳಿಯಬೇಡ."

ಆ ಬೇಸಿಗೆಯಲ್ಲಿ ನೀರಿಲ್ಲವೆಂದರೆ ಸಾವೇ. ಹೊನ್ನವ್ವ ಉಗುರು ಸವೆಯುವಂತೆ ಗೆಡ್ಡೆ ಅಗೆದಳು. ಒಬ್ಬಳು ಅಗೆದದ್ದು ನಾಲ್ವರ ಪಾಲಿಗೆ ಎಲ್ಲಿ ಸಾಲುತ್ತದೆ? ಕೊನೆಗೆ ಕಾಡಿನ ಹಿರಿಯಳಾದ ಆನೆಯಜ್ಜಿಯ ಬಳಿಗೆ ಹೋಗಿ, "ನನ್ನ ಲೆಕ್ಕ ಒಮ್ಮೆ ನೋಡಿಸಜ್ಜಿ" ಎಂದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಂದಾಗಲಿಲ್ಲ.

ಇಂಥ ಗೊಣಗಾಟ ಬೇರೆ ಕಡೆಯಿಂದಲೂ ಅಜ್ಜಿಯ ಕಿವಿಗೆ ಬಿದ್ದಿತ್ತು. ಲೆಕ್ಕದ ಮೇಲೆ ನಂಬಿಕೆ ಹೋದರೆ ಯಾರೂ ಕಂದಾಯ ಕೊಡುವುದಿಲ್ಲ. ಯಾರೂ ಕೊಡದಿದ್ದರೆ ಒರತೆಯೇ ಹೂತುಹೋಗುತ್ತದೆ. ಹಾಗಂತ ಕಾಡಿನ ಬಿಲ, ಪೊದೆಗಳನ್ನೆಲ್ಲ ಎಣಿಸುತ್ತಾ ಕೂತರೆ ಮಳೆಗಾಲವೇ ಬಂದೀತು. ಅವಳು ಕಾಡುಹಂದಿಗಳ ಯಜಮಾನನನ್ನು ಕರೆಸಿದಳು.

"ಈ ಲೆಕ್ಕ ತಪ್ಪೋದಾದರೆ ಎಲ್ಲಿ ತಪ್ಪುತ್ತೆ, ಹೇಳಪ್ಪ."

"ತಲೆ ಕಡಿಮೆಯಾದ ಮನೇಲಿ, ಅಜ್ಜಿ. ಅದನ್ನ ಯಾರೂ ಹೇಳೋದಿಲ್ಲವಲ್ಲ."

"ತಪ್ಪಿದರೆ ಯಾರಿಗೆ ಹೆಚ್ಚು ಪೆಟ್ಟು?"

ಯಜಮಾನ ಯೋಚಿಸಿದ. "ಜಿಂಕೆ ಹಿಂಡಿಗೆ ಒಂದು ತಲೆ ಹೆಚ್ಚಾಗಿ ಬಿದ್ದರೆ ಹಂಚಿಕೊಂಡು ಕೊಡ್ತಾವೆ. ಒಂಟಿಯಾಗಿರೋರಿಗೆ ಪ್ರಾಣಕ್ಕೇ ಬರುತ್ತೆ. ಹೊನ್ನವ್ವನನ್ನೇ ನೋಡಿ, ಮೊದಲು ನೀರಿಗೆ ನಾಲ್ವರು ಬರ್ತಿದ್ದರು. ಈಗ ಒಬ್ಬಳೇ ಬರ್ತಾಳೆ."

"ಹಾಗಾದರೆ ಮೊದಲು ಅಲ್ಲಿಗೇ ಹೋಗೋಣ. ಅಂಥ ಮನೆಗಳಲ್ಲಿ ಲೆಕ್ಕ ಸರಿಯಿದ್ದರೆ ಉಳಿದದ್ದನ್ನ ಧೈರ್ಯವಾಗಿ ನಂಬಬಹುದು."

ಮರುದಿನ ಬೆಳಿಗ್ಗೆ ಅಜ್ಜಿ, ಯಜಮಾನ, ಕಾಡಿನ ಉಳಿದವರು ಎಲ್ಲರೂ ಹೊನ್ನವ್ವನ ಬಿಲದ ಮುಂದೆ ಸೇರಿದರು. ಜಾಣಪ್ಪನನ್ನೂ ಕರೆಸಿದ್ದರು.

"ಇಲ್ಲಿ ಎಷ್ಟು ತಲೆ?" ಎಂದು ಅಜ್ಜಿ ಕೇಳಿದಳು.

"ನಾಲ್ಕು," ಎಂದ ಜಾಣಪ್ಪ. "ಮೂವರು ನೆಂಟರ ಮನೆಗೆ ಹೋಗಿದಾರೆ. ಇವತ್ತೇ ಬರ್ತಾರೆ."

"ಸರಿ, ಬರೋ ತನಕ ಕಾಯೋಣ. ನೀನೂ ಕೂತ್ಕೋ."

ಎಲ್ಲರೂ ಕಾದರು. ಬಿಸಿಲು ಏರಿತು, ಇಳಿಯಿತು. ದಾರಿಯಲ್ಲಿ ತರಗೆಲೆ ಸದ್ದಾದಾಗಲೆಲ್ಲ ಎಲ್ಲರ ಕತ್ತೂ ಅತ್ತ ತಿರುಗುತ್ತಿತ್ತು. ಹೊನ್ನವ್ವನೂ ತಿರುಗಿ ನೋಡುತ್ತಿದ್ದಳು. ಅವರು ಬರುವುದಿಲ್ಲವೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೂ ನೋಡುತ್ತಿದ್ದಳು, ಪಾಪ.

ಹೊತ್ತು ಇಳಿಯುವಷ್ಟರಲ್ಲಿ ನರಿಗೆ ಹಸಿವು ತಡೆಯಲಾಗಲಿಲ್ಲ. "ಇನ್ನೆಲ್ಲಿಂದ ಬರ್ತಾರೆ? ಸತ್ತು ಎಷ್ಟೋ ದಿನ ಆಯ್ತು!" ಎಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

"ಗೊತ್ತಿದ್ದೂ ಸತ್ತವರ ಹೆಸರಲ್ಲಿ ಕಂದಾಯ ಕೇಳಿದೆಯಾ?" ಎಂದು ಅಜ್ಜಿ ಗುಡುಗಿದಳು. ಹೋಗಿ ನೋಡಿದರೆ ಅವನ ಗುಹೆಯಲ್ಲಿ ಇಂಥ ಹಲವು ಮನೆಗಳ ಹಣ್ಣುಹಂಪಲು ಕೊಳೆಯುತ್ತಿತ್ತು. ಜಾಣಪ್ಪನ ಕೆಲಸ ಹೋಯಿತು. ಅಂದಿನಿಂದ ಅವನು ಕಾಡುಹಂದಿಗಳ ಜೊತೆ ಮೂಗಿನವರೆಗೆ ಕೆಸರು ಮೆತ್ತಿಕೊಂಡು ಹೂಳೆತ್ತಬೇಕಾಯಿತು. ಕಂದಾಯ ಎತ್ತುವ ಮುಂಚೆ ಸಾವಾದ ಮನೆಗಳಿಗೂ ಒಂಟಿ ಮನೆಗಳಿಗೂ ಹೋಗಿ ವಿಚಾರಿಸಿ ಬರುವುದು ಹೊಸ ಪದ್ಧತಿಯಾಯಿತು.

ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೊನ್ನವ್ವನ ಮನೆ. ತಲೆ ಒಂದು."

"ಹೌದು, ಒಂದೇ," ಎಂದಳು ಹೊನ್ನವ್ವ. ಹೊರೆ ಇಳಿದಿತ್ತು, ನೀರು ಉಳಿದಿತ್ತು. ಆದರೂ ಅವಳು ಬಿಲದ ಬಾಗಿಲಲ್ಲಿ ಕುಸಿದು ಕೂತು, ಮೊದಲ ಸಲ ಎಲ್ಲರೆದುರು ಅತ್ತಳು. ಕೇಡೆಂದು ಹೆದರಿ ಯಾರೂ ಎದ್ದು ಹೋಗಲಿಲ್ಲ.

ನೀತಿ: ಎಲ್ಲವನ್ನೂ ಪರೀಕ್ಷಿಸಲಾಗದಿದ್ದರೆ, ತಪ್ಪು ಸುಲಭವಾಗಿ ನುಸುಳುವ ಕಡೆಯನ್ನೂ ಅದರಿಂದ ಹೆಚ್ಚು ನೋಯುವವರನ್ನೂ ಮೊದಲು ನೋಡಬೇಕು, ಆಗಲೇ ಲೆಕ್ಕದ ಮೇಲೆ ನಂಬಿಕೆ ಉಳಿಯುತ್ತದೆ.