ಕಡಲನ್ನು ಹೆದರಿಸಿದ ಮುಳ್ಳುಹಂದಿ

ಮಕ್ಕಳೇ, ಹೊಳೆಯೊಂದು ಕಡಲು ಸೇರುವ ಅಳಿವೆಯಲ್ಲಿ ಪ್ರತಿ ಬೇಸಿಗೆ ಅಲೆಗಳು ಮರಳು ತಂದು ಒಟ್ಟುತ್ತಿದ್ದವು. ಹೊಳೆಯ ಬಾಯಿಗೆ ಅಡ್ಡಲಾಗಿ ದಿಬ್ಬವೇ ಏಳುತ್ತಿತ್ತು. ಆ ವರ್ಷ ಜಟ್ಟಪ್ಪನೆಂಬ ಮುಳ್ಳುಹಂದಿ ದಿಬ್ಬದ ನಟ್ಟನಡುವೆ ಬಿಲ ತೋಡಿದ. ಕಡಲಿನ ಕಡೆಗೆ ತಲೆಬಾಗಿಲು, ಹೊಳೆಯ ಕಡೆಗೆ ಹಿತ್ತಿಲ ಬಾಗಿಲು. ಬಲು ಠೀವಿಯ ಮನೆ!

ಉಬ್ಬರ ಬಂದಾಗಲೆಲ್ಲ ಅವನು ಹೊರಗೆ ನಿಂತು ಮುಳ್ಳು ನಿಮಿರಿಸಿ ಗಲಗಲ ಅಲುಗಿಸುತ್ತಿದ್ದ. ಸ್ವಲ್ಪ ಹೊತ್ತಿಗೆ, ಎಂದಿನಂತೆ, ನೀರು ಇಳಿಯುತ್ತಿತ್ತು.

"ನೋಡಿದಿರಾ? ನನ್ನನ್ನು ಕಂಡರೆ ಕಡಲಿಗೂ ನಡುಕ!"

ದಡದ ಕಪ್ಪೆಗಳು "ಹೌದು ಹೌದು" ಎನ್ನುತ್ತಿದ್ದವು. ಅವಕ್ಕೆ ವಟಗುಟ್ಟಲು ಏನಾದರೊಂದು ಸಿಕ್ಕರೆ ಸಾಕಿತ್ತು.

ಮೊದಲ ಮಳೆ ಬಿದ್ದ ಕೂಡಲೇ ಏಡಿಗಳು ದಿಬ್ಬದಲ್ಲಿ ಸಣ್ಣ ಕಾಲುವೆ ಕೊರೆಯುವುದು ಅಲ್ಲಿನ ರೂಢಿ. ಆಮೇಲೆ ಹೊಳೆಯೇ ದಾರಿ ಅಗಲಿಸಿಕೊಂಡು ಕಡಲಿಗೆ ಹೋಗುತ್ತಿತ್ತು. ಏಡಿಗಳ ಹಿರಿಯಳು ಬೀರಮ್ಮಜ್ಜಿ ಬಳಗದೊಂದಿಗೆ ಬಂದಳು.

"ಜಟ್ಟಪ್ಪಾ, ಮನೆ ಖಾಲಿ ಮಾಡು. ದಿಬ್ಬ ಕೊರೆಯಬೇಕು."

"ತಲೆ ಕೆಟ್ಟಿದೆಯಾ ಅಜ್ಜಿ? ದಿಬ್ಬ ಕೊರೆದರೆ ಕಡಲು ಒಳಗೆ ನುಗ್ಗುತ್ತದೆ!"

"ಕಡಲನ್ನು ತಡೆಯುವ ದಿಬ್ಬ ಹೊಳೆಯನ್ನೂ ತಡೆಯುತ್ತದೆ ಮಗಾ. ಮಳೆನೀರು ಎಲ್ಲಿಗೆ ಹೋಗಬೇಕು?"

"ಅಡ್ಡಡ್ಡ ನಡೆಯುವವರು ನನಗೆ ದಾರಿ ಹೇಳಬೇಡಿ!" ಎಂದು ಅವನು ಮುಳ್ಳು ಕೆದರಿದ. ಕಪ್ಪೆಗಳು ಜೈ ಎಂದವು. ಅಜ್ಜಿ ಮರಿಗಳನ್ನೆಲ್ಲ ಕರೆದುಕೊಂಡು ಎತ್ತರದ ಕೇದಗೆ ಮೆಳೆಗೆ ಹೋದಳು.

ಮಳೆ ಜಡಿ ಹಿಡಿಯಿತು. ಜಟ್ಟಪ್ಪ ತಲೆಬಾಗಿಲಲ್ಲಿ ಕೂತು ಕಡಲನ್ನೇ ಗುರಾಯಿಸುತ್ತಿದ್ದ. ಬೆನ್ನ ಹಿಂದೆ ಹೊಳೆ ಉಬ್ಬುತ್ತಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಒಂದು ಮಧ್ಯಾಹ್ನ ಅವನ ಅಂಡು ಒದ್ದೆಯಾಯಿತು.

"ಕಳ್ಳ ಕಡಲು! ಹಿತ್ತಿಲಿಂದ ಬಂತು!" ಎಂದು ಹೌಹಾರಿ ತಿರುಗಿದ. ಒಂದು ಗುಟುಕು ಬಾಯಿಗೆ ಹೋಯಿತು. ಉಪ್ಪೇ ಇಲ್ಲ! ಅದು ಹೊಳೆಯ ನೀರು. ಅವನು ಮೆಳೆಯ ಕಡೆಗೆ ಅರಚಿದ.

"ಅಜ್ಜೀ, ಬೇಗ ಬನ್ನಿ! ಕಾಲುವೆ ಕೊರೆಯಿರಿ!"

ಮೆಳೆಯಿಂದ ಅಜ್ಜಿ ಕೂಗಿದಳು: "ನಾವೇಕಪ್ಪಾ? ನೀನೇ ತೋಡಿ ಇಟ್ಟಿದ್ದೀಯಲ್ಲ!"

ನಿಜವೇ. ಹಿತ್ತಿಲ ಬಾಗಿಲಿಂದ ತಲೆಬಾಗಿಲಿಗೆ ಅವನ ಬಿಲ ನೆಟ್ಟಗಿತ್ತು. ಹೊಳೆ ಅದರೊಳಗೇ ನುಗ್ಗಿ, ಮನೆಯನ್ನು ಒಡೆದು, ಮನೆಯ ಯಜಮಾನನನ್ನೂ ಕಡಲಿಗೆ ಎಸೆಯಿತು. ಪುಣ್ಯಕ್ಕೆ ದೊಡ್ಡ ಅಲೆಯೊಂದು ಅವನನ್ನು ತಂದು ಕೇದಗೆಯ ಬುಡದಲ್ಲಿ ಹಾಕಿತು.

ಸಂಜೆ ಉಬ್ಬರ ಬಂತು. ಒದ್ದೆ ಮುಳ್ಳು ಅಲುಗಿಸಲು ಜಟ್ಟಪ್ಪನಿಗೆ ತ್ರಾಣವಿರಲಿಲ್ಲ. ಆದರೂ ನೀರು ಇಳಿಯಿತು. ಕಪ್ಪೆಗಳು ಒಮ್ಮೆ ಕಡಲನ್ನು ನೋಡಿದವು, ಒಮ್ಮೆ ಅವನನ್ನು ನೋಡಿದವು.

ನೀತಿ: ತಾನಾಗಿ ಇಳಿದ ನೀರನ್ನು ನಾನೇ ಇಳಿಸಿದೆನೆಂದು ಬೀಗುವವನಿಗೆ ಬೆನ್ನ ಹಿಂದೆ ಏರುವ ನೀರು ಕಾಣುವುದಿಲ್ಲ.