ಒಡೆಯದ ಪೊಟ್ಟಣ

"ರೀ, ಆ ಡಬ್ಬಿ ಒಡೀಬೇಡಿ. ಇನ್ನೂ ಏರುತ್ತೆ."

ನನ್ನ ಹೆಂಡತಿ ಹಾಲಮ್ಮ ಕೊನೆಗೆ ಆಡಿದ ಮಾತು ಇದು. ಆಸ್ಪತ್ರೆಯಲ್ಲಿ ಆಡಿದ್ದು. ಆಮೇಲೆ ಅವಳು ಮಾತಾಡಲಿಲ್ಲ.

ಹೈಸ್ಕೂಲಿನ ಎದುರು ನಮ್ಮದೊಂದು ಸಣ್ಣ ಅಂಗಡಿ. ಅವಳೇ ನೋಡಿಕೊಳ್ಳುತ್ತಿದ್ದಳು. ಪೆನ್ನು, ಪೆಪ್ಪರಮೆಂಟು, ಆಟದ ಕಾರ್ಡಿನ ಪೊಟ್ಟಣ. ಒಳಗೆ ಯಾವ ಕಾರ್ಡು ಇದೆ ಎಂದು ಹೊರಗೆ ಕಾಣುವುದಿಲ್ಲ. ಮಕ್ಕಳು ಅದಕ್ಕೇ ಮುಗಿಬೀಳುತ್ತಿದ್ದರು. ಒಂದು ಡಬ್ಬಿ ತುಂಬ ಪೊಟ್ಟಣ ಅವಳು ಮಾರದೆ ಎತ್ತಿಟ್ಟಳು. ಆ ಬಗೆಯ ಕಾರ್ಡು ಬರುವುದು ನಿಂತಿತು. ಈಗ ದೊಡ್ಡವರೇ ಪೇಟೆಯಿಂದ ಫೋನು ಮಾಡಿ ಕೇಳುತ್ತಾರೆ. ಡಬ್ಬಿಯ ಸೀಲು ಒಡೆಯದಿದ್ದರೆ ಮಾತ್ರ ಬೆಲೆ. ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಹೇಳುತ್ತಾರೆ.

ಅವಳು ಹೋದ ಮೇಲೆ ನಾನು ಅಂಗಡಿ ತೆಗೆಯಲಿಲ್ಲ. ಡಬ್ಬಿಯನ್ನು ಮನೆಗೆ ತಂದು ಮಂಚದ ಕೆಳಗೆ ಇಟ್ಟೆ. ಇಲಿ ಸದ್ದಾದರೆ ಏಳುತ್ತಿದ್ದೆ. ಮೋಡ ಕವಿದರೆ ಹೆಂಚು ನೋಡುತ್ತಿದ್ದೆ. ತಂಗಿ ಬುತ್ತಿ ತಂದರೆ ಹೊಸ್ತಿಲಲ್ಲೇ ಇಸಿದುಕೊಂಡು ಕಳಿಸುತ್ತಿದ್ದೆ.

ಕಡೆಗೆ ಮಠಕ್ಕೆ ಹೋಗಿ ಗುರುಗಳನ್ನು ಕೇಳಿದೆ.

"ಬುದ್ಧಿ, ಮನೆಯಲ್ಲಿರುವ ವಸ್ತುವಿನ ಬೆಲೆ ಏರುತ್ತಾ ಇದೆ. ಅದರ ಜೊತೆಗೆ ನನ್ನ ಭಯವೂ ಏರುತ್ತಾ ಇದೆ. ಯಾಕೆ?"

ಗುರುಗಳು ಕೂರು ಎಂದರು. ಕೂತೆ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರ ಇದ್ದ. ಗಂಜೀಫದ ಎಲೆ ಬರೆಯುತ್ತಿದ್ದ. ದುಂಡನೆಯ ಆಟದ ಎಲೆ. ಜನ ಒಂದು ಕಟ್ಟು ಕೊಂಡರೆ ಸಾಯುವ ತನಕ ಆಡುತ್ತಿದ್ದರು.

ಒಬ್ಬ ವ್ಯಾಪಾರಿ ಬಂದ. ಅವನ ಎಲೆಗಳನ್ನೆಲ್ಲ ಕೊಂಡು, ಬೆರೆಸಿ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಅರಗಿನ ಮುದ್ರೆ ಒತ್ತಿದ. ಎಲ್ಲೋ ಒಂದರಲ್ಲಿ ಚಿನ್ನದ ರೇಕು ಹಚ್ಚಿದ ರಾಜನನ್ನು ಇಟ್ಟ. ಜನ ಕೊಂಡರು. ಕಟ್ಟೆಯ ಮೇಲೆ ಕೂತು ಒಡೆದರು. ನಕ್ಕರು. ನಿನ್ನ ಮೀನಿನ ಎಲೆ ಕೊಡು, ನನ್ನ ಆಮೆಯ ಎಲೆ ತಗೋ ಎಂದು ಬದಲಾಯಿಸಿಕೊಂಡರು. ರಾಜ ಸಿಗಲಿಲ್ಲವೆಂದು ಮತ್ತೆ ಕೊಂಡರು. ಕೇಳುವವರು ಹೆಚ್ಚಾದರು, ಬೆಲೆ ಏರಿತು.

ಆಗ ಜನರಿಗೆ ಒಂದು ಮಾತು ಹೊಳೆಯಿತು. ಒಡೆದವನ ಹತ್ತಿರ ಇರುವುದು ಬರೀ ಸಿಕ್ಕ ಎಲೆ. ಒಡೆಯದವನ ಹತ್ತಿರ ರಾಜ ಇನ್ನೂ ಇರಬಹುದು. ಅಲ್ಲಿಂದ ಒಡೆದ ಎಲೆಗಿಂತ ಮುಚ್ಚಿದ ಪೊಟ್ಟಣ ದುಬಾರಿಯಾಯಿತು.

ಒಬ್ಬ ಕುಂಬಾರನ ಹತ್ತಿರ ಒಂದು ಪೊಟ್ಟಣ ಉಳಿದಿತ್ತು. ಒಡೆಯಲು ಮರೆತಿದ್ದ, ಅಷ್ಟೆ. ಅದನ್ನು ಅಕ್ಕಸಾಲಿಗನ ಹತ್ತಿರ ಒಯ್ದ. ಅಕ್ಕಸಾಲಿಗ ತೂಗಿ ಹೇಳಿದ, "ಬೇರೆಯವಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಿದೆ ಕಣಯ್ಯ."

ಅಂದಿನಿಂದ ಕುಂಬಾರನಿಗೆ ನಿದ್ದೆ ಹೋಯಿತು.

ಪಕ್ಕದ ಮನೆಯ ಬಡಗಿ ದಿನಾ ಸಂಜೆ ಅವನ ಜೊತೆ ಹಳೆಯ ಎಲೆಗಳಲ್ಲಿ ಆಡಲು ಬರುತ್ತಿದ್ದ. ಕುಂಬಾರ ಅವನನ್ನು ಒಳಗೆ ಕರೆಯುವುದು ಬಿಟ್ಟ. ಜಗಲಿಯಲ್ಲೇ ನಿಲ್ಲಿಸಿ ಮಾತಾಡಿಸಿದ. ಒಂದು ದಿನ ತಾನೇ ಅವನ ಮನೆಗೆ ಹೋದ.

"ಬಾಗಿಲಿಗೆ ಒಂದು ಗಟ್ಟಿ ಅಗಣಿ ಬೇಕಲ್ಲೋ."

ಬಡಗಿ ಉಳಿ ಕೆಳಗಿಟ್ಟು ನಕ್ಕ.

"ಮಾಡಿಕೊಡ್ತೀನಿ ಬಿಡು. ಯಾರು ಬರಬಾರದು ಅಂತ ಅಗಣಿ ಬೇಕೋ, ಅವನ ಕೈಲೇ ಮಾಡಿಸ್ತಾ ಇದ್ದೀಯಲ್ಲ, ಭಲೆ ಜಾಣ ನೀನು!"

ಕುಂಬಾರ ನಗಲಿಲ್ಲ. ಅಗಣಿ ಬಂತು. ಬಡಗಿ ಮತ್ತೆ ಬರಲಿಲ್ಲ.

ಸಂತೆಗೆ ಹೋದರೆ ಮನೆ ನೆನಪು. ಮನೆಯಲ್ಲಿದ್ದರೆ ಗೆದ್ದಲಿನ ನೆನಪು. ಮಡಕೆ ಸುಡುವ ಆವಗೆಗೆ ಬೆಂಕಿ ಇಟ್ಟರೆ ಕಿಡಿ ಹಾರೀತೆಂಬ ಹೆದರಿಕೆ. ಅವನು ಆವಗೆ ಸುಡುವುದನ್ನೇ ಬಿಟ್ಟ. ಕೊಳ್ಳುವವರು ಬರುತ್ತಲೇ ಇದ್ದರು. ಇಂದು ಮಾರಿದರೆ ನಾಳೆ ಇನ್ನೂ ಏರಿದರೆ? ನಾಳೆ ಇಳಿದುಬಿಟ್ಟರೆ?

ಹೀಗಿರುವಾಗ ಆ ಚಿತ್ರಗಾರನೇ ಬಣ್ಣ ಕಲಸುವ ಕುಡಿಕೆ ಬೇಕೆಂದು ಬಂದ. ಕುಂಬಾರ ಬಾಗಿಲು ಹಾಕಿ, ಪೊಟ್ಟಣ ತೋರಿಸಿ, ಒಳಗೆ ರಾಜ ಇದ್ದಾನೆಯೇ ಎಂದು ಕೇಳಿದ.

ಚಿತ್ರಗಾರ ಅದನ್ನು ಮುಟ್ಟಲಿಲ್ಲ.

"ಬರೆದದ್ದು ನಾನು, ಕಟ್ಟಿದ್ದು ಆ ವ್ಯಾಪಾರಿ. ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಆದರೆ ಒಂದು ಮಾತು. ಎಲೆಗೆ ನಾನು ಅರಗಿನ ಮೆರುಗು ಕೊಡ್ತೀನಿ. ಕೈಯಲ್ಲಿ ಓಡಾಡ್ತಾ ಇದ್ದರೆ ನೂರು ಮಳೆಗಾಲ ಬಾಳುತ್ತೆ. ಕಟ್ಟಿಟ್ಟರೆ ಬೇಸಿಗೆಯ ಕಾವಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತೆ."

"ಅಂಟಿದರೆ?"

"ಬಿಡಿಸಬಾರದು. ಬಿಡಿಸಿದರೆ ಚಿತ್ರ ಕಿತ್ತು ಬರುತ್ತೆ."

ಚಿತ್ರಗಾರ ಕುಡಿಕೆ ತೆಗೆದುಕೊಂಡು ಹೋದ. ಕುಂಬಾರ ಅಗಣಿ ಹಾಕಿದ. ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದು ಬರಲಿಲ್ಲ. ಬಿಗಿಯಾಗಿ ಕಟ್ಟಿದ್ದಕ್ಕೋ, ಅಂಟಿದ್ದಕ್ಕೋ ತಿಳಿಯಲಿಲ್ಲ. ಒಡೆದರೆ ತಿಳಿಯುತ್ತಿತ್ತು. ಆದರೆ ಒಡೆದ ಮೇಲೆ ಅದು ಪೊಟ್ಟಣವಲ್ಲ. ಹೊರಗೆ ಯಾರೋ ಕೊಳ್ಳುವವರು ಬಂದು ಬಾಗಿಲು ತಟ್ಟಿದರು. ನೆನ್ನೆಗಿಂತ ಹೆಚ್ಚು ಕೊಡುತ್ತೇವೆಂದು ಕೂಗಿ ಹೇಳಿದರು. ಅವನು ಬಾಗಿಲು ತೆಗೆಯಲಿಲ್ಲ. ಮತ್ತೆ ಕಿವಿಗೆ ಹಿಡಿದು ಅಲ್ಲಾಡಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಾನು ಕಾದೆ. ನನಗೆ ತಡೆಯಲಾಗಲಿಲ್ಲ.

"ಬುದ್ಧಿ, ಒಳಗೆ ಏನಿತ್ತು?"

ಗುರುಗಳು ನನ್ನ ಮುಖ ನೋಡಿದರು.

"ಏನಿದ್ದರೆ ನಿನಗೆ ನಿದ್ದೆ ಬರುತ್ತೆ, ಮರುಳಪ್ಪ?"

ಎದ್ದು ಕೈಮುಗಿದು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಕಸ ಗುಡಿಸಿದೆ. ಮಂಚದ ಕೆಳಗಿದ್ದ ಡಬ್ಬಿ ತಂದು, ಸೀಲು ಕುಯ್ದು, ಪೊಟ್ಟಣಗಳನ್ನು ದಾರಕ್ಕೆ ಪೋಣಿಸಿ ಮುಂದೆ ತೂಗುಹಾಕಿದೆ. ಅವುಗಳ ಮೇಲೆ ಅಚ್ಚಾಗಿದ್ದ ಹಳೆಯ ಬೆಲೆಗೇ ಕೊಟ್ಟೆ. ಕೊಂಡವರಿಗೆಲ್ಲ ಒಂದೇ ಮಾತು ಹೇಳಿದೆ: ಇಲ್ಲೇ ಹರಿದು ನೋಡಿ, ಆಮೇಲೆ ತಗೊಂಡು ಹೋಗಿ.